ಹನ್ನೆರಡು ವಾರದ ‘ಹೀರೋ ಬಾಡಿ’ ಪ್ಯಾಕೇಜ್: ಸಲಕರಣೆ ಚೆನ್ನ, ಚಾರ್ಟ್ ಬದಲಿಸಿಕೊಳ್ಳಿ

ಮಂಗಳೂರಿನ ಈ ಜಿಮ್‌ನ ಹೆಸರು ಬೇಡ, ಇಂಥ ಪ್ಯಾಕೇಜ್ ಬೇರೆ ಕಡೆಯೂ ಇದೆ. ಬಾಗಿಲಲ್ಲೇ ಎರಡು ಚಿತ್ರ ಅಂಟಿಸಿದ್ದಾರೆ: ಹಾಲಿವುಡ್ ಸಿನಿಮಾದ ನಾಯಕ ಸ್ಟೀವ್ ರೋಜರ್ಸ್, ಬಲ ಬರಿಸುವ ಸೀರಮ್ ಚುಚ್ಚುವ ಮೊದಲಿನ ಸಣಕಲು ರೂಪದಲ್ಲಿ; ಆಮೇಲೆ ಅವನೇ ಕ್ಯಾಪ್ಟನ್ ಅಮೆರಿಕ. 2011ರ ಆ ಸಿನಿಮಾದಲ್ಲಿ ಕಂಪ್ಯೂಟರ್ ಮಾಡಿದ್ದು ಸಣಕಲು ದೇಹವನ್ನು. ಗಟ್ಟಿಮುಟ್ಟಾಗಿದ್ದ ನಟ ಕ್ರಿಸ್ ಇವಾನ್ಸ್‌ರನ್ನೇ ಪರದೆಯ ಮೇಲೆ ಕುಗ್ಗಿಸಿದ್ದರು. ಅದನ್ನು ನೋಡಿ ದುಡ್ಡು ಕಟ್ಟಬೇಡಿ.

ಸಲಕರಣೆ ಚೆನ್ನಾಗಿದೆ, ಗಾಳಿಯೂ ಆಡುತ್ತದೆ. ತೊಂದರೆ ಇರುವುದು ಕಸರತ್ತಿನ ಚಾರ್ಟಿನಲ್ಲಿ. ಐದು ದಿನದಲ್ಲಿ ಎದೆ, ತೋಳಿಗೇ ಮೂರು ದಿನ; ಬೆನ್ನಿಗೊಂದು, ಕಾಲಿಗೊಂದು. ಹೀಗೆ ಭಾರ ತಳ್ಳುವುದೇ ಹೆಚ್ಚಾದರೆ ಭುಜದ ಮುಂಭಾಗ ನೋಯಲು ಶುರುವಾಗುವುದು ಸಾಮಾನ್ಯ. ಮಲಗಿ ಭಾರ ತಳ್ಳುವ ಪ್ರತಿ ಬೆಂಚ್ ಪ್ರೆಸ್ ಸೆಟ್ಟಿಗೆ, ಭಾರವನ್ನು ಮೈಯತ್ತ ಎಳೆಯುವ ಒಂದು ರೋ ಸೆಟ್ ಸೇರಿಸಿ, ಕಾಲಿಗೆ ಎರಡು ದಿನ ಕೊಡಿ. ಮೂರೂ ಸೆಟ್ಟಿನಲ್ಲಿ 12 ಸಲ ಸಲೀಸಾಗಿ ಎತ್ತಿದ ಮೇಲಷ್ಟೇ 2.5 ಕಿಲೋ ಏರಿಸಿ. ಹೊಸಬರಿಗೆ ತಿಂಗಳಿಗೆ ಅರ್ಧದಿಂದ ಒಂದು ಕಿಲೋ ಸ್ನಾಯು ಬಂದರೆ ಅದೇ ಒಳ್ಳೆಯ ಫಲ. ಬೆಳೆದವರ ಹೆಗಲೆಲುಬು ಯಾವ ಕಸರತ್ತಿಗೂ ಅಗಲವಾಗುವುದಿಲ್ಲ.

ಊಟದ ಪಟ್ಟಿಯಲ್ಲಿ ಬ್ರೊಕೊಲಿ, ಓಟ್ಸ್, ಬೇಯಿಸಿದ ಚಿಕನ್. ಇದು ಇಲ್ಲಿನ ಮನೆಗಳಲ್ಲಿ ಎರಡು ವಾರ ಮುಂದುವರಿಯುವುದು ಕಷ್ಟ, ಬೇಕಾಗಿಯೂ ಇಲ್ಲ. ದಿನಕ್ಕೆ ಕಿಲೋ ತೂಕಕ್ಕೆ 1.6 ಗ್ರಾಂ ಪ್ರೋಟೀನ್ ಸಾಕು. 60 ಕಿಲೋದವರಿಗೆ 96 ಗ್ರಾಂ. 200 ಗ್ರಾಂ ಬಂಗುಡೆ, ಮೂರು ಮೊಟ್ಟೆ, 50 ಗ್ರಾಂ ಹೆಸರುಕಾಳಿಗೇ ಸುಮಾರು 68 ಆಯಿತು. ಉಳಿದದ್ದು ಕುಚ್ಚಲಕ್ಕಿ ಅನ್ನ, ತೊವ್ವೆ, ಮೊಸರಿನಲ್ಲಿ ಬರುತ್ತದೆ. ಬಂಗುಡೆ ಪುಳಿಮುಂಚಿ ಬಿಡಿಸುವ ಪಟ್ಟಿಯನ್ನು ಒಪ್ಪಬೇಡಿ.

ಕಸರತ್ತಿಗೆ ಬಲ ಕೊಡಲೆಂದು ತಿನ್ನುವ ಕ್ರಿಯಾಟಿನ್ ಪುಡಿ ಕೆಲಸ ಮಾಡುತ್ತದೆ, ದಿನಕ್ಕೆ 3ರಿಂದ 5 ಗ್ರಾಂ. ಆದರೆ ಕೌಂಟರಿನಲ್ಲಿ ಬಿಡಿಯಾಗಿ ಕಟ್ಟಿಕೊಡುವುದು ಬೇಡ. ಸೀಲ್ ಮತ್ತು 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಇರುವ ಡಬ್ಬಿಯೇ ಬೇಕು. ಮೊದಲ ವಾರ ಏರುವ ತೂಕ ನೀರಿನದು. ಕಿಡ್ನಿ ತೊಂದರೆ ಇರುವವರು ಡಾಕ್ಟರರನ್ನು ಕೇಳದೆ ಮುಟ್ಟಬಾರದು. ನಮ್ಮ ಮಳೆಗಾಲದಲ್ಲಿ ಮುಚ್ಚಳ ಸಡಿಲವಿದ್ದರೆ ಪುಡಿ ಹೆಂಟೆಯಾಗುತ್ತದೆ, ಒಳಗಿನ ಸಿಲಿಕಾ ಪೊಟ್ಟಣ ಬಿಸಾಡಬೇಡಿ.

ಕೊನೆಯ ವಾರದ ‘ಫೋಟೋ ದಿನ’ಕ್ಕೆ ನೀರು ಕಡಿಮೆ ಮಾಡಲು ಬರೆದಿದ್ದಾರೆ. ಇದನ್ನು ಖಂಡಿತ ಮಾಡಬೇಡಿ. ಅಂಗಿ ಬಿಚ್ಚುವ ದೃಶ್ಯಕ್ಕೆ ನೀರು ಕುಡಿಯುವುದನ್ನೇ ಬಿಡುತ್ತಿದ್ದುದನ್ನು ಹಾಲಿವುಡ್ ನಟ ಹ್ಯೂ ಜಾಕ್‌ಮನ್ ತಾವೇ ಹೇಳಿದ್ದಾರೆ; ಅದು ಕ್ಯಾಮೆರಾಕ್ಕೆಂದು ಕೆಲವು ಗಂಟೆ ತೋರುವ ದೇಹ. ಏಪ್ರಿಲ್ ಸೆಕೆಯಲ್ಲಿ ಬೆವರು ಸುರಿಸುತ್ತಾ ನೀರು ಬಿಟ್ಟರೆ ತಲೆ ತಿರುಗಿ ಬೀಳುತ್ತೀರಿ. ಯಾರಾದರೂ ‘ಸೈಕಲ್’ ಎಂದು, ಅಂದರೆ ಕೆಲವು ವಾರದ ಸ್ಟೀರಾಯ್ಡ್ ಕೋರ್ಸ್ ಎಂದು, ಇಂಜೆಕ್ಷನ್ ಮಾತೆತ್ತಿದರೆ ಅಲ್ಲಿಂದ ಎದ್ದು ಬನ್ನಿ. ಹೊರಗಿನಿಂದ ಸ್ಟೀರಾಯ್ಡ್ ಹೋದಾಗ ದೇಹ ತನ್ನ ಟೆಸ್ಟೋಸ್ಟಿರಾನ್ ತಯಾರಿ ನಿಲ್ಲಿಸುತ್ತದೆ, ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ, ಹೃದಯದ ಗೋಡೆ ದಪ್ಪವಾಗಬಹುದು.

ಶನಿವಾರ ಎಲ್ಲರೆದುರು ತೂಗಿ, ಅಂಕಿಯನ್ನು ವಾಟ್ಸಾಪ್ ಗುಂಪಿಗೆ ಹಾಕುವುದು ಇಲ್ಲಿನ ಅತಿ ಕೆಟ್ಟ ಪದ್ಧತಿ. ‘ಎಂತ ಮಾರಾಯ, ಇನ್ನೂ ಕಡ್ಡಿಯೇ?’ ಎಂಬ ಮಾತು ಕೇಳಿದ ಹದಿನೇಳರ ಹುಡುಗ ಮರುವಾರ ಬರುವುದಿಲ್ಲ, ಬಂದರೂ ಅಡ್ಡದಾರಿ ಹುಡುಕುತ್ತಾನೆ. ಕೇಳಿದರೆ ಒಳಗಿನ ಕೋಣೆಯಲ್ಲಿ ತೂಗುತ್ತಾರೆ. ಸೇರುವ ದಿನವೇ ಕೇಳಿಟ್ಟುಕೊಳ್ಳಿ.