10 ಇಂಚಿನ ಮೈಟರ್ ಸಾ: ಮಷೀನ್ ಚೆನ್ನಾಗಿದೆ, ಆದರೆ ಪ್ಲಗ್ ಕಡೆ ಸ್ವಲ್ಪ ನೋಡಿ

ಬೆಳಗಾವಿ ಉದ್ಯಮಬಾಗದ ಹತ್ತಿರ ನಮ್ಮದು ಬಾಗಿಲು-ಕಿಟಕಿ ಚೌಕಟ್ಟು ಮಾಡುವ ಶೆಡ್. ಅಲ್ಲಿ ಈ ಮೈಟರ್ ಸಾ, ಅಂದರೆ 10 ಇಂಚಿನ ಬ್ಲೇಡಿನಿಂದ ಕಟ್ಟಿಗೆಯನ್ನು ಬೇಕಾದ ಕೋನಕ್ಕೆ ಕೊಯ್ಯುವ ಮಷೀನ್, ಒಂದು ಮಳೆಗಾಲ ಪೂರ್ತಿ ಓಡಿದೆ. ಕಂಪನಿ ಹೆಸರು ಬರೆಯಲ್ಲ, ಯಾಕಂದರೆ ಈ ಅಳತೆಯ ಮಷೀನ್‌ಗಳೆಲ್ಲ ಒಳಗೆ ಹೆಚ್ಚೂಕಡಿಮೆ ಒಂದೇ. ಕಟಿಂಗ್ ಬಗ್ಗೆ ದೂರಿಲ್ಲ. 45 ಡಿಗ್ರಿ ಇಟ್ಟರೆ ಮೂಲೆ ಸಂದಿಲ್ಲದೆ ಕೂಡುತ್ತದೆ. ಸಾಗವಾನಿ ಆರಾಮಾಗಿ ಕೊಯ್ಯುತ್ತದೆ, ಮತ್ತಿ ಕಟ್ಟಿಗೆಗೆ ಸ್ವಲ್ಪ ತಾಳ್ಮೆ ಬೇಕು. ಇದೆಲ್ಲ ವಿಡಿಯೋಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಕರೆಂಟ್ ಮತ್ತು ಮೋಟರ್ ವಿಷಯ ಮಾತ್ರ ಯಾರೂ ಹೇಳಲ್ಲ, ಮಷೀನ್ ಸುಡುವುದು ಅಲ್ಲೇ.

ಬಾಕ್ಸ್ ಬಿಚ್ಚಿದಾಗ ನಮ್ಮ ಬಡಿಗೇರ್ ಕೇಳಿದ ಮೊದಲ ಪ್ರಶ್ನೆ, "ಅಣ್ಣಾರ, ಇದಕ್ಕ ಅರ್ಥಿಂಗ್ ವೈರೇ ಇಲ್ಲಲ್ರೀ, ಡೂಪ್ಲಿಕೇಟ್ ಮಾಲ್ ಏನ್ರಿ?" ಡೂಪ್ಲಿಕೇಟ್ ಅಲ್ಲ. ಮಷೀನಿಗೆ ಅಂಟಿಸಿದ ವಿವರದ ಪ್ಲೇಟಿನ ಮೇಲೆ ಚೌಕದೊಳಗೆ ಇನ್ನೊಂದು ಚೌಕದ ಗುರುತಿದ್ದರೆ ಅದು ಡಬಲ್ ಇನ್ಸುಲೇಷನ್ ಮಷೀನ್, ಅಂದರೆ ಕರೆಂಟ್ ಹೊರಗೆ ಬರದಂತೆ ಎರಡು ಪದರದ ತಡೆ ಇರುವುದು, ಕೇಬಲ್‌ನಲ್ಲಿ ಎರಡೇ ವೈರ್ ಇರುತ್ತದೆ. ಅದಕ್ಕೆ ಅರ್ಥಿಂಗ್ ಬೇಕಿಲ್ಲ, ಸುಮ್ನೆ ಮಷೀನಿನ ಮೈಗೆ ವೈರ್ ಸುತ್ತಿ ಜಾಣತನ ಮಾಡಬೇಡಿ. ಆ ಗುರುತಿಲ್ಲದೆ ಮೂರು ವೈರ್ ಬಂದಿದ್ದರೆ ಮಾತ್ರ ಅರ್ಥಿಂಗ್ ಸರಿಯಾಗಿ ಇರಲೇಬೇಕು. ಮೂರನೇ ಪಿನ್ ಕತ್ತರಿಸಿ ಎರಡು ಪಿನ್ ಸಾಕೆಟ್‌ಗೆ ತುರುಕುವವರನ್ನು ನಮ್ಮ ಏರಿಯಾದಲ್ಲೇ ನೋಡಿದ್ದೇನೆ. ಅವರಿಗೆ ಕೈ ಮುಗಿಯಬೇಕು.

ಪ್ಲೇಟಿನ ಮೇಲೆ 1650 ವ್ಯಾಟ್ ಅಂತಿದೆ. 230 ವೋಲ್ಟ್‌ಗೆ ಲೆಕ್ಕ ಹಾಕಿದರೆ 7 ಆಂಪಿಯರ್‌ಗೂ ಸ್ವಲ್ಪ ಜಾಸ್ತಿ. ಅಂದರೆ ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಸಾಕೆಟ್ ಇದಕ್ಕಲ್ಲ, 16 ಆಂಪಿಯರ್ ಪವರ್ ಸಾಕೆಟ್ ಬೇಕು. ಇದರಲ್ಲಿ ಸಾಫ್ಟ್ ಸ್ಟಾರ್ಟ್ (ಮೋಟರ್ ನಿಧಾನಕ್ಕೆ ವೇಗ ಹಿಡಿಯುವ ವ್ಯವಸ್ಥೆ) ಇಲ್ಲ, ಇದು ನನ್ನ ಮೊದಲ ತಕರಾರು. ಸ್ವಿಚ್ ಒತ್ತಿದ ಕೂಡಲೇ ಮಷೀನ್ ಜಗ್ಗುತ್ತದೆ, ಶೆಡ್ಡಿನ ಟ್ಯೂಬ್‌ಲೈಟ್ ಮಂಕಾಗುತ್ತದೆ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಬಿ ಟೈಪ್ ಇದ್ದರೆ ಸ್ಟಾರ್ಟಿಂಗ್‌ನಲ್ಲೇ ಟ್ರಿಪ್ ಆಗಬಹುದು, ಯಾಕಂದರೆ ಅದು ತನ್ನ ರೇಟಿಂಗ್‌ನ 3ರಿಂದ 5 ಪಟ್ಟು ಕರೆಂಟ್‌ಗೇ ಬೀಳುತ್ತದೆ. ಸಿ ಟೈಪ್ 5ರಿಂದ 10 ಪಟ್ಟಿನವರೆಗೆ ತಡೆಯುತ್ತದೆ, ಅದನ್ನೇ ಹಾಕಿಸಿ. ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಇದು ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್. ಎಂಸಿಬಿ ಉಳಿಸುವುದು ವೈರಿಂಗನ್ನು, ಮನುಷ್ಯನನ್ನು ಉಳಿಸುವುದು ಆರ್‌ಸಿಸಿಬಿ. ಮೇಲಿರುವ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ, ಅದು ಅಲಂಕಾರಕ್ಕೆ ಇಟ್ಟಿದ್ದಲ್ಲ.

ಎರಡನೇ ತಕರಾರು, ಕೇಬಲ್ ತುಂಬಾ ಗಿಡ್ಡ. ಎಕ್ಸ್‌ಟೆನ್ಶನ್ ಇಲ್ಲದೆ ಕೆಲಸವೇ ಆಗಲ್ಲ, ಅಲ್ಲಿಂದಲೇ ಮೋಟರ್‌ಗೆ ಶನಿ ಶುರು. 0.75 ಸ್ಕ್ವೇರ್ ಎಂಎಂನ ತೆಳು ವೈರ್ 30 ಮೀಟರ್ ಎಳೆದರೆ, ಲೋಡ್ ಬಿದ್ದಾಗ ವೈರಿನಲ್ಲೇ 10 ವೋಲ್ಟ್ ಹೋಗುತ್ತದೆ. 2.5ರ ವೈರ್ ಆದರೆ 3-4 ವೋಲ್ಟ್ ಅಷ್ಟೇ. 10 ವೋಲ್ಟ್ ಏನು ಮಹಾ ಅನ್ನಬೇಡಿ, ಸಂಜೆ ಹೊತ್ತು ಲೈನ್‌ನಲ್ಲೇ ವೋಲ್ಟೇಜ್ ಇಳಿದಿರುತ್ತದೆ, ಮೋಟರ್ ಸ್ಪೀಡ್ ಕಮ್ಮಿಯಾಗುತ್ತದೆ, ಕೊಯ್ಯುವವನು ಇನ್ನೂ ಜೋರಾಗಿ ಅದುಮುತ್ತಾನೆ, ಕರೆಂಟ್ ಜಾಸ್ತಿ ಎಳೆಯುತ್ತದೆ, ತಂಪು ಮಾಡುವ ಫ್ಯಾನ್ ಕೂಡ ಅದೇ ಶಾಫ್ಟ್ ಮೇಲಿರುವುದರಿಂದ ಗಾಳಿಯೂ ಕಮ್ಮಿ. ಮೋಟರ್ ತಂತಿಯ ಮೇಲಿನ ವಾರ್ನಿಶ್ ಸುಟ್ಟ ವಾಸನೆ ಬಂತು ಅಂದರೆ ಆರ್ಮೇಚರ್ (ಮೋಟರ್ ಒಳಗೆ ತಿರುಗುವ, ತಂತಿ ಸುತ್ತಿದ ಭಾಗ) ಹೋಗುವ ಹಾದಿಯಲ್ಲಿದೆ. ಇನ್ನೊಂದು, ರೀಲ್‌ಗೆ ಸುತ್ತಿದ ವೈರನ್ನು ಪೂರ್ತಿ ಬಿಚ್ಚಿ ಬಳಸಿ. ಸುತ್ತಿಟ್ಟೇ ಓಡಿಸಿದರೆ ಒಳಗಿನ ಸುತ್ತು ಬಿಸಿಯಾಗಿ ಮೆತ್ತಗಾಗುತ್ತದೆ. ನಮ್ಮ ಮಳೆಯಲ್ಲಿ ಶೆಡ್ಡಿನ ನೆಲ ಒಣಗುವುದೇ ಇಲ್ಲ, ಹಾಗಾಗಿ ಟೇಪ್ ಸುತ್ತಿದ ಜಾಯಿಂಟ್ ನೆಲದ ಮೇಲೆ ಬಿಡಲೇಬೇಡಿ.

ಈಗ ಹೊಗಳಿಕೆ. ಮೋಟರ್ ಒಳಗೆ ತಿರುಗುವ ಭಾಗಕ್ಕೆ ಉಜ್ಜಿಕೊಂಡು ಕರೆಂಟ್ ಮುಟ್ಟಿಸುವ ಸಣ್ಣ ತುಂಡೇ ಕಾರ್ಬನ್ ಬ್ರಷ್. ಕಾರ್ಬನ್ ಬ್ರಷ್‌ನ ಮುಚ್ಚಳ ಹೊರಗಡೆಯೇ ಇದೆ. ಮೋಟರ್‌ನ ಎರಡೂ ಬದಿಗೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ, ಪ್ಲಗ್ ತೆಗೆದು ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ತಿರುಗಿಸಿದರೆ ಸ್ಪ್ರಿಂಗ್ ಸಮೇತ ಬ್ರಷ್ ಹೊರಗೆ ಬರುತ್ತದೆ. ತುದಿ ಒಳಬಾಗಿ, ಕನ್ನಡಿ ಹಾಗೆ ನುಣ್ಣಗೆ ಹೊಳೆಯುತ್ತಿದ್ದರೆ ಸರಿ. ಮೂಲೆ ಚಕ್ಕೆ ಎದ್ದಿದ್ದರೆ, ಅಥವಾ ಮೈಮೇಲಿನ ಗೆರೆಯವರೆಗೆ ಸವೆದಿದ್ದರೆ, ಎರಡನ್ನೂ ಒಟ್ಟಿಗೇ ಬದಲಿಸಿ. ಹಳೆಯದನ್ನೇ ವಾಪಸ್ ಹಾಕುವಾಗ ಯಾವ ಬದಿಯದು, ಯಾವ ಮುಖ ಮೇಲಿತ್ತು ಅಂತ ನೋಡಿಕೊಂಡೇ ಹಾಕಿ. ಹೊಸದು ಹಾಕಿದ ಮೇಲೆ ಸ್ವಲ್ಪ ಹೊತ್ತು ಖಾಲಿ ಓಡಿಸಿ, ಆಗ ಕಮ್ಯುಟೇಟರ್ (ಬ್ರಷ್ ಉಜ್ಜುವ ತಾಮ್ರದ ಭಾಗ) ಮೇಲೆ ಸರಿಯಾಗಿ ಕೂರುತ್ತದೆ. ಮೋಟರ್ ಗಾಳಿ ಕಿಂಡಿಯಲ್ಲಿ ಸಣ್ಣ ನೀಲಿ ಕಿಡಿ ಕಂಡರೆ ಗಾಬರಿ ಬೇಡ. ಸುತ್ತಲೂ ಬೆಂಕಿಯ ಉಂಗುರ ಕಂಡರೆ ತಕ್ಷಣ ನಿಲ್ಲಿಸಿ ವೈಂಡಿಂಗ್ ಅಂಗಡಿಗೆ ಒಯ್ಯಿರಿ.

ಧೂಳಿನ ಚೀಲ ಮಾತ್ರ ದಂಡ. ಅರ್ಧ ಪುಡಿ ಹೊರಗೇ ಹಾರಿ, ಮೋಟರ್‌ನ ಗಾಳಿ ಕಿಂಡಿಯೊಳಗೆ ಹೋಗುತ್ತದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕೊಯ್ದ ದಿನ ಸಂಜೆ ಪ್ಲಗ್ ತೆಗೆದು ಬ್ಲೋವರ್‌ನಿಂದ ಊದಲೇಬೇಕು, ಕಣ್ಣಿಗೆ ಕನ್ನಡಕ ಹಾಕಿಕೊಂಡು. ಒದ್ದೆ ಬಟ್ಟೆ ಬೇಡ. ಬ್ಲೇಡ್ ಮೊಂಡಾದರೂ ಬಿಲ್ ಬರುವುದು ಮೋಟರ್ ಹೆಸರಿಗೇ, ಸಾಣೆ ಹಿಡಿಸುವುದಕ್ಕೆ ಜಿಪುಣತನ ಮಾಡಬೇಡಿ. ಬ್ಲೇಡ್ ಪೂರ್ತಿ ಸ್ಪೀಡ್‌ಗೆ ಬಂದ ಮೇಲೇ ಕಟ್ಟಿಗೆಗೆ ತಾಗಿಸಿ, ದಪ್ಪ ಕಟ್ ಆದ ಮೇಲೆ ಕೂಡಲೇ ನಿಲ್ಲಿಸದೆ ಒಂದಿಷ್ಟು ಖಾಲಿ ತಿರುಗಲು ಬಿಡಿ.

ಒಟ್ಟಾರೆ 5ಕ್ಕೆ 4 ಕೊಡುತ್ತೇನೆ. ಕೊಳ್ಳುವವರು ಬ್ರಷ್ ಮುಚ್ಚಳ ಹೊರಗಿರುವ ಮಾಡೆಲನ್ನೇ ಆರಿಸಿ, ಒಂದು ಜೋಡಿ ಬ್ರಷ್ ಅವತ್ತೇ ಕೇಳಿ ತೆಗೆದುಕೊಳ್ಳಿ. ಸವೆಯುವ ಸಾಮಾನು ಅಂತ ಅದಕ್ಕೆ ಸಾಮಾನ್ಯವಾಗಿ ವಾರಂಟಿ ಕೊಡಲ್ಲ.