ಅಡಿಕೆ ಧಾರಣೆ ಪುಟಕ್ಕೆ ಯಾವ ಕ್ಯಾಶ್: ನೋಡ್ ಮೆಮೊರಿಯೋ, ರೆಡಿಸ್ಸೋ, ಎಂಜಿನ್‌ಎಕ್ಸೋ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಮಾರುಕಟ್ಟೆಗಳ ಅಡಿಕೆ ಧಾರಣೆ ತೋರಿಸುವ ತಾಣ. ಪುಟ ಪೂರ್ತಿ ಸರ್ವರ್‌ನಲ್ಲೇ ಸಿದ್ಧವಾಗುತ್ತದೆ. ಮಳೆಗಾಲದಲ್ಲಿ ಹೊಸನಗರದ ಕಡೆ ಸಿಗ್ನಲ್ ಒಂದೇ ಕಡ್ಡಿಗೆ ಇಳಿದಾಗಲೂ ಬರೀ ಎಚ್‌ಟಿಎಂಎಲ್ ತಲುಪಿದರೆ ಸಾಕು, ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು ಎಷ್ಟು ಅಂತ ಅಡಿಕೆಯ ಒಂದೊಂದು ಬಗೆಯ ದರ ಕಾಣುತ್ತದೆ. ಸರ್ವರ್‌ಗೆ ಇರುವುದು 2 ಜಿಬಿ ಮೆಮೊರಿ. ಅದರಲ್ಲೇ ನೋಡ್‌ನ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) 4 ವರ್ಕರ್ (ಕೋರಿಕೆಗಳನ್ನು ಹಂಚಿಕೊಳ್ಳುವ ಪ್ರತ್ಯೇಕ ಪ್ರೋಸೆಸ್), ಡೇಟಾಬೇಸ್ ಎಲ್ಲ ನಡೆಯಬೇಕು. ಇದರ ಮೇಲೆ ಮೂರು ಬಗೆಯ ಕ್ಯಾಶ್ (ಒಮ್ಮೆ ಸಿದ್ಧವಾದದ್ದನ್ನು ಮತ್ತೆ ಕೊಡಲು ಎತ್ತಿಡುವ ಜಾಗ) ಹಾಕಿ ನೋಡಿದ್ದೇವೆ: ನೋಡ್ ಒಳಗೇ, ರೆಡಿಸ್ ಎಂಬ ಮೆಮೊರಿ ಸಂಗ್ರಹದಲ್ಲಿ, ನೋಡ್‌ನ ಮುಂದೆ ನಿಲ್ಲುವ ಎಂಜಿನ್‌ಎಕ್ಸ್ ವೆಬ್ ಸರ್ವರ್‌ನಲ್ಲಿ. ಮೂರರಲ್ಲೂ ಎಡವುವುದು ಒಂದೇ ಕಡೆ: ಎತ್ತಿಟ್ಟದ್ದರ ಅವಧಿ ಮುಗಿದ ಕ್ಷಣವೇ ಜಾಗ ಖಾಲಿಯಾಗುವುದಿಲ್ಲ. ಅವಧಿಗೊಂದು ಮಿತಿ, ಗಾತ್ರಕ್ಕೊಂದು ಮಿತಿ, ಎರಡನ್ನೂ ಬೇರೆ ಬೇರೆಯಾಗಿ ಹಾಕಲೇಬೇಕು.

ನೋಡ್ ಪ್ರೋಸೆಸ್ಸಿನ ಒಳಗೇ ಇಡುವುದು ಎಲ್ಲಕ್ಕಿಂತ ವೇಗ. ಆದರೆ ಬರೀ ಮ್ಯಾಪ್‌ನಲ್ಲಿ (ಜಾವಾಸ್ಕ್ರಿಪ್ಟಿನ ಕೀಲಿ-ಮೌಲ್ಯ ಪಟ್ಟಿ) ಇಟ್ಟರೆ ನಾವೇ ಅಳಿಸುವ ತನಕ ಯಾವುದೂ ಹೋಗದು. ಎಲ್‌ಆರ್‌ಯು-ಕ್ಯಾಶ್ ಪ್ಯಾಕೇಜ್ (ಜಾಗ ತುಂಬಿದಾಗ ಬಹಳ ಹೊತ್ತಿನಿಂದ ಯಾರೂ ಕೇಳದ್ದನ್ನು ಮೊದಲು ಕೈಬಿಡುವಂಥದ್ದು) ಕೂಡ ಅವಧಿ ಮುಗಿದದ್ದನ್ನು ತಾನಾಗಿ ತೆಗೆಯುವುದಿಲ್ಲ. ಯಾರಾದರೂ ಅದೇ ಕೀಲಿ (ಎತ್ತಿಟ್ಟದ್ದನ್ನು ಗುರುತಿಸುವ ಹೆಸರು) ಕೇಳಿದಾಗ ಮಾತ್ರ ಗಮನಿಸುತ್ತದೆ. ಹಳೇ ತಾರೀಕಿನ ಪುಟವನ್ನು ಒಮ್ಮೆ ನೋಡಿ ಮತ್ತೆ ಯಾರೂ ಕೇಳದಿದ್ದರೆ ಅದು ಅಲ್ಲೇ ಕೂತಿರುತ್ತದೆ. ಹಾಗಾಗಿ ಮ್ಯಾಕ್ಸ್‌ಸೈಜ್ (ಒಟ್ಟು ಗಾತ್ರದ ಮಿತಿ) ಕೊಡಿ. ಇದರಲ್ಲಿ ಅವಧಿ ಮಿಲಿಸೆಕೆಂಡಿನಲ್ಲಿ, ರೆಡಿಸ್‌ನ ಇಎಕ್ಸ್ (ಅವಧಿ ಹೇಳುವ ಆಯ್ಕೆ) ಸೆಕೆಂಡಿನಲ್ಲಿ. ಇಲ್ಲಿ 300 ಅಂತ ಬರೆದರೆ ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಕಮ್ಮಿ ಹೊತ್ತಿಗೆ ಮುಗಿದೇ ಹೋಗುತ್ತದೆ.

ಕನ್ನಡ ತಾಣಕ್ಕೆ ಇದರಲ್ಲಿ ಇನ್ನೊಂದು ಪೆಟ್ಟಿದೆ, ಇದನ್ನು ಸರಿಯಾಗಿ ಲೆಕ್ಕ ಹಾಕಬೇಕು. ನೋಡ್ ಒಳಗೆ ಜಾವಾಸ್ಕ್ರಿಪ್ಟ್ ಓಡಿಸುವ ವಿ8 ಎಂಜಿನ್‌ನಲ್ಲಿ ಬರೀ ಇಂಗ್ಲಿಷ್ ಇರುವ ಸ್ಟ್ರಿಂಗ್‌ಗೆ (ಪಠ್ಯ) ಅಕ್ಷರಕ್ಕೊಂದು ಬೈಟ್ ಸಾಕು. ಅದರೊಳಗೆ ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಸ್ಟ್ರಿಂಗ್ ಅಕ್ಷರಕ್ಕೆರಡು ಬೈಟ್ ಆಗುತ್ತದೆ, ಎಚ್‌ಟಿಎಂಎಲ್ ಟ್ಯಾಗ್‌ಗಳೂ ಸೇರಿ. 45,000 ಟ್ಯಾಗ್ ಅಕ್ಷರ, 5,000 ಕನ್ನಡ ಸಂಕೇತ ಇರುವ ಪುಟ ಸ್ಟ್ರಿಂಗ್ ಆಗಿದ್ದರೆ 100 ಕೆಬಿ. ಅದನ್ನೇ ಯುಟಿಎಫ್-8 ಬಫರ್ (ಬರೀ ಬೈಟ್‌ಗಳ ರೂಪ) ಮಾಡಿದರೆ, ಕನ್ನಡಕ್ಕೆ ಮೂರು ಬೈಟ್ ಹಿಡಿದರೂ, 60 ಕೆಬಿ. ಜಿಜಿಪ್ ಮಾಡಿ ಇಟ್ಟರೆ ಇನ್ನೂ ಬಹಳ ಕಮ್ಮಿ, ಕಳಿಸುವಾಗ ಮತ್ತೆ ಕುಗ್ಗಿಸುವ ಕೆಲಸವೂ ಉಳಿಯುತ್ತದೆ. ಸ್ಟ್ರಿಂಗ್ ಆಗಿಯೇ 1,000 ಪುಟ ಇಟ್ಟರೆ 100 ಎಂಬಿ, ನಾಲ್ಕು ವರ್ಕರ್‌ಗೆ 400 ಎಂಬಿ, ಯಾಕೆಂದರೆ ಪ್ರತಿ ವರ್ಕರ್‌ಗೂ ತನ್ನದೇ ಪ್ರತಿ. ಮೆಮೊರಿಗಿಂತ ಕೆಟ್ಟದ್ದು ಇನ್ನೊಂದು: ಒಬ್ಬ ವರ್ಕರ್ ಹೊಸ ಧಾರಣೆ ಕೊಟ್ಟರೆ ಪಕ್ಕದವನು ಹಳೇದನ್ನೇ ಕೊಡುತ್ತಾನೆ. ರಿಫ್ರೆಶ್ ಮಾಡಿದಾಗ ರಾಶಿಯ ದರ ಹಿಂದೆ ಮುಂದೆ ಹೋದರೆ ಬೆಳೆಗಾರರು ಆ ತಾಣವನ್ನು ನಂಬುವುದಾದರೂ ಹೇಗೆ?

ರೆಡಿಸ್‌ನಲ್ಲಿ ಈ ತೊಂದರೆ ಇಲ್ಲ, ಎಲ್ಲರಿಗೂ ಒಂದೇ ಪ್ರತಿ. ಆದರೆ 64 ಬಿಟ್ ಸರ್ವರ್‌ನಲ್ಲಿ ಅದು ಮೊದಲಿಗೆ ಯಾವ ಮಿತಿಯೂ ಇಲ್ಲದೆ ಬರುತ್ತದೆ. ಮ್ಯಾಕ್ಸ್‌ಮೆಮೊರಿ 128 ಎಂಬಿ ಅಂತ ಹಾಕಿ ಅಲ್ಲಿಗೇ ಬಿಟ್ಟರೆ ನೋಎವಿಕ್ಷನ್ (ಇದ್ದದ್ದನ್ನು ತೆಗೆಯದಿರುವ) ನೀತಿ ಉಳಿದಿರುತ್ತದೆ. ತುಂಬಿದ ಮೇಲೆ ಬರೆಯಲು ಹೋದರೆ ಎರರ್. ನೀತಿಯನ್ನು ಆಲ್‌ಕೀಸ್-ಎಲ್‌ಆರ್‌ಯು (ಬಹಳ ಹೊತ್ತಿನಿಂದ ಕೇಳದ ಕೀಲಿ ಯಾವುದಿದ್ದರೂ ತೆಗೆಯುವುದು) ಮಾಡಿ. ಲಾಗಿನ್ ಸೆಷನ್‌ಗಳೂ ಅದೇ ರೆಡಿಸ್‌ನಲ್ಲಿದ್ದರೆ ಅವೂ ಹಾರಿಹೋಗುತ್ತವೆ, ಅವಕ್ಕೆ ಬೇರೆ ರೆಡಿಸ್ ಓಡಿಸಿ. ಡಿಸ್ಕ್‌ಗೆ ಸ್ನ್ಯಾಪ್‌ಶಾಟ್ ಬರೆಯುವುದನ್ನು ನಿಲ್ಲಿಸಿ: ಬರೆಯಲು ಫೋರ್ಕ್ (ಪ್ರೋಸೆಸ್ಸಿನ ನಕಲು) ಆದಾಗ ಮೆಮೊರಿ ಏರುತ್ತದೆ, ಕ್ಯಾಶ್‌ಗೆ ಅದು ಬೇಕಾಗಿಯೂ ಇಲ್ಲ. ಇರುವ ಕೀಲಿಯ ಮೇಲೆ ಬರೀ ಸೆಟ್ ಆಜ್ಞೆ ಕೊಟ್ಟು ಹೊಸದನ್ನು ಬರೆದರೆ ಮೊದಲಿದ್ದ ಅವಧಿ ಅಳಿದುಹೋಗುತ್ತದೆ. ಪ್ರತಿ ಸಲವೂ ಇಎಕ್ಸ್ ಸೇರಿಸಿ.

ಪೂರ್ತಿ ಪುಟಕ್ಕೆ ಮಾತ್ರ ನಮ್ಮ ಆಯ್ಕೆ ಎಂಜಿನ್‌ಎಕ್ಸ್, ಇದರಲ್ಲಿ ಅನುಮಾನವಿಲ್ಲ. ಪುಟಗಳು ಡಿಸ್ಕ್‌ನಲ್ಲಿ ಇರುತ್ತವೆ, ಮೆಮೊರಿಯಲ್ಲಿ ಕೀಲಿಗಳು ಮಾತ್ರ. 1 ಎಂಬಿಗೆ ಸುಮಾರು 8,000 ಕೀಲಿ ಹಿಡಿಯುತ್ತದೆ. ಕ್ಯಾಶ್ ಲಾಕ್ ಆನ್ ಮಾಡಿದರೆ ಹರಾಜು ಮುಗಿದ ಹೊತ್ತಿಗೆ ನೂರು ಜನ ಒಟ್ಟಿಗೆ ಬಂದರೂ ನೋಡ್‌ಗೆ ಹೋಗುವುದು ಒಂದೇ ಕೋರಿಕೆ. ಯೂಸ್ ಸ್ಟೇಲ್‌ನಲ್ಲಿ (ಹಳೇ ಪ್ರತಿ ಯಾವಾಗ ಕೊಡಬಹುದು ಎನ್ನುವ ಆಯ್ಕೆ) ಎರರ್, ಟೈಮ್‌ಔಟ್, ಅಪ್‌ಡೇಟಿಂಗ್ ಸೇರಿಸಿದರೆ ನೋಡ್ ರೀಸ್ಟಾರ್ಟ್ ಆಗುವಾಗಲೂ ಹಿಂದಿನ ಪುಟ ಸಿಗುತ್ತದೆ. ಇನಾಕ್ಟಿವ್ ಎಂಬ ಆಯ್ಕೆಗೆ ನಾವು ಏನೂ ಹೇಳದಿದ್ದರೆ ಅದು 10 ನಿಮಿಷ: ಅಷ್ಟರೊಳಗೆ ಯಾರೂ ಕೇಳದ ಪುಟ, ಅವಧಿ ಇನ್ನೂ ಉಳಿದಿದ್ದರೂ, ಹೋಗಿಬಿಡುತ್ತದೆ. ಹಳೇ ತಾರೀಕಿನ ಪುಟಗಳಿಗಾಗಿ ಅದನ್ನು ಒಂದು ದಿನ ಮಾಡಿ, ಮ್ಯಾಕ್ಸ್ ಸೈಜ್ 500 ಎಂಬಿ ಕೊಡಿ.

ಇಲ್ಲೂ ಕೈಕೊಡುವುದು ಎರಡು ಕಡೆ. ಉತ್ತರದಲ್ಲಿ ಸೆಟ್-ಕುಕೀ ಇದ್ದರೆ ಪುಟ ಕ್ಯಾಶ್ ಆಗುವುದೇ ಇಲ್ಲ. ಎಲ್ಲರಿಗೂ ಸೆಷನ್ ಕುಕೀ ಕೊಡುವ ಫ್ರೇಮ್‌ವರ್ಕ್ ಆದರೆ ಮೊದಲು ಅದನ್ನು ನಿಲ್ಲಿಸಬೇಕು. ಎರಡನೆಯದು ಫೇಸ್‌ಬುಕ್ ಲಿಂಕ್. ಅಲ್ಲಿಂದ ಬರುವವರ ವಿಳಾಸದ ಕೊನೆಗೆ ಎಫ್‌ಬಿಕ್ಲಿಡ್ ಎಂಬ ಉದ್ದನೆಯ ಬಾಲ ಸೇರುತ್ತದೆ, ಒಂದೊಂದು ಕ್ಲಿಕ್‌ಗೂ ಬೇರೆ. ಕೀಲಿಯಲ್ಲಿ ಪೂರ್ತಿ ವಿಳಾಸವೇ ಇದ್ದರೆ ಒಂದೇ ಪುಟ ಸಾವಿರ ಪುಟವಾಗಿ ಡಿಸ್ಕ್ ತುಂಬುತ್ತದೆ, ಕ್ಯಾಶ್‌ನಿಂದ ಉತ್ತರ ಒಂದೂ ಸಿಗುವುದಿಲ್ಲ. ಕೀಲಿಗೆ ಹೋಸ್ಟ್, ಯುಆರ್‌ಐ (ವಿಳಾಸದಲ್ಲಿ ಪ್ರಶ್ನೆ ಚಿಹ್ನೆಗೆ ಮೊದಲಿನ ದಾರಿ ಮಾತ್ರ), ತಾರೀಕಿನ ಪ್ಯಾರಾಮೀಟರ್ ಇಷ್ಟೇ ಹಾಕಿ.

ಅವಧಿಯನ್ನು ನೋಡ್ ಕಡೆಯಿಂದ ಎಕ್ಸ್-ಆಕ್ಸೆಲ್-ಎಕ್ಸ್‌ಪೈರ್ಸ್ ಹೆಡರ್‌ನಲ್ಲಿ ಕೊಡುವುದು ಒಳ್ಳೆಯದು. ಅದು ಬ್ರೌಸರ್‌ಗೆ ಹೋಗದೆ ಎಂಜಿನ್‌ಎಕ್ಸ್‌ನಲ್ಲೇ ನಿಲ್ಲುತ್ತದೆ. ಇಂದಿನ ಧಾರಣೆಗೆ 60 ಸೆಕೆಂಡ್, ನಿನ್ನೆಯ ಹಿಂದಿನದಕ್ಕೆ 86,400. ಎಂಜಿನ್‌ಎಕ್ಸ್‌ನ ಉಚಿತ ಆವೃತ್ತಿಯಲ್ಲಿ ಪರ್ಜ್ (ಬೇಕೆಂದ ಪುಟವನ್ನು ಕ್ಯಾಶ್‌ನಿಂದ ಅಳಿಸುವ) ಸೌಲಭ್ಯ ಇಲ್ಲ, ಹಾಗಾಗಿ ತಿದ್ದುಪಡಿ ಬರಬಹುದಾದ ಪುಟಕ್ಕೆ ಉದ್ದ ಅವಧಿ ಕೊಡಬೇಡಿ. ರೆಡಿಸ್‌ನಲ್ಲಿ ಡೇಟಾಬೇಸ್‌ನಿಂದ ಬಂದ ಅಂಕಿಗಳನ್ನು ಮಾತ್ರ ಇಡಿ, 300 ಸೆಕೆಂಡಿಗೆ 0ಯಿಂದ 60ರವರೆಗೆ ಯಾವುದಾದರೊಂದು ಸಂಖ್ಯೆ ಕೂಡಿಸಿ, ಎಲ್ಲವೂ ಒಂದೇ ಕ್ಷಣಕ್ಕೆ ಮುಗಿಯದಂತೆ. ನೋಡ್ ಒಳಗೆ ಮಾರುಕಟ್ಟೆ ಹೆಸರು, ಚಾಲಿ, ಗೊರಬಲು ಥರದ ಅಡಿಕೆ ಬಗೆಗಳ ಹೆಸರು, ಹೀಗೆ ಬದಲಾಗದ ಪಟ್ಟಿ ಸಾಕು.

ಮೆಮೊರಿ ಅಳೆಯುವಾಗ ಹೀಪ್‌ಯೂಸ್ಡ್ (ವಿ8 ತನ್ನ ಹೀಪ್‌ನಲ್ಲಿ ಬಳಸಿದ ಮೆಮೊರಿ) ಮಾತ್ರ ನೋಡಬೇಡಿ. ಬಫರ್‌ಗಳು ವಿ8 ಹೀಪ್‌ನ ಹೊರಗಿರುತ್ತವೆ. ಹೀಪ್‌ಗೆ ಮಿತಿ ಹಾಕುವ ಮ್ಯಾಕ್ಸ್-ಓಲ್ಡ್-ಸ್ಪೇಸ್-ಸೈಜ್ 256 (ಎಂಬಿ) ಅಂತ ಹಾಕಿದರೂ ಪ್ರೋಸೆಸ್ ಅದನ್ನು ದಾಟಬಹುದು. ಪ್ರತಿ ವರ್ಕರ್‌ನ ಆರ್‌ಎಸ್‌ಎಸ್ (ಪ್ರೋಸೆಸ್ ನಿಜಕ್ಕೂ ಹಿಡಿದಿರುವ ಮೆಮೊರಿ) ತೆಗೆದುಕೊಂಡು ನಾಲ್ಕನ್ನೂ ಕೂಡಿ, ಅದರ ಮೇಲೆ ಡೇಟಾಬೇಸ್, ರೆಡಿಸ್ ಸೇರಿಸಿ, 2 ಜಿಬಿಯಲ್ಲಿ ಕಾಲು ಭಾಗವಾದರೂ ಉಳಿಯದಿದ್ದರೆ ಕ್ಯಾಶ್ ಮುಟ್ಟುವ ಮೊದಲು ವರ್ಕರ್ ಸಂಖ್ಯೆಯನ್ನು ಎರಡಕ್ಕೆ ಇಳಿಸಿ.