ನಡುಕ ತಡೆಯೋಕೆ ಕರೆಂಟ್ ಬೇಡದ ಟೇಬಲ್: ಒಂದು ವರ್ಷ ಬಳಸಿದ ಮೇಲೆ

ನಮ್ಮ ಲ್ಯಾಬಲ್ಲಿ ರುಬಿಡಿಯಂ ಪರಮಾಣುಗಳನ್ನ ಲೇಸರಲ್ಲಿ ತಣ್ಣಗೆ ಮಾಡಿ ಬೀಳಿಸ್ತೀವಿ, ಬೀಳೋವಾಗ್ಲೇ ಮೂರು ಲೇಸರ್ ಪಲ್ಸ್ ಹೊಡೆದು ಗುರುತ್ವ ಅಳೀತೀವಿ. ಪರಮಾಣು ಪಾಪ ಯಾರ ತಂಟೆಗೂ ಹೋಗದೆ ಬೀಳ್ತಿರುತ್ತೆ, ತೊಂದ್ರೆ ಇರೋದೆಲ್ಲ ಆ ಲೇಸರನ್ನ ವಾಪಸ್ ಕಳ್ಸೋ ಕೆಳಗಿನ ಮಿರರ್‌ದು. ಅಳತೆಗೆ ಅದೇ ಸ್ಕೇಲು, ಅದು ಬರೀ 390 ನ್ಯಾನೋಮೀಟರ್ ಅಲ್ಲಾಡಿದ್ರೆ ಫ್ರಿಂಜ್ (ಅಳತೆಯಲ್ಲಿ ಮೂಡೋ ಏರಿಳಿತದ ಅಲೆ) ಪೂರ್ತಿ ಒಂದು ಸುತ್ತು ಹೊಡೆದ್ಬಿಡುತ್ತೆ. ನೆಲ ಅಂತೂ ಕಡಲ ಅಲೆಗೇ ಅದಕ್ಕಿಂತ ಜಾಸ್ತಿ ಅಲ್ಲಾಡುತ್ತೆ!

ಮೊದಲು ಗಾಳಿ ತುಂಬೋ ಕಾಲಿನ ಟೇಬಲ್ ಇತ್ತು. ಅದು 1-2 ಹರ್ಟ್ಸ್ ಹತ್ರ ತಾನೇ ಕುಣಿಯುತ್ತೆ, ನಮಗೆ ಸುಮ್ನಿರ್ಬೇಕಾದ ಜಾಗ ಕರೆಕ್ಟಾಗಿ ಅದೇ. ಆಮೇಲೆ ತಗೊಂಡಿದ್ದು ಈ ನೆಗೆಟಿವ್ ಸ್ಟಿಫ್‌ನೆಸ್ ಟೇಬಲ್. ಒಳಗೆ ಬರೀ ಸ್ಪ್ರಿಂಗು, ಒಂದರ ಬಿಗಿತನ ಇನ್ನೊಂದು ಕಳೆದು ಮೆತ್ತಗೆ ಮಾಡುತ್ತೆ, ಕರೆಂಟ್ ಬೇಡ ಕಂಪ್ರೆಸರ್ ಬೇಡ, ಸ್ವಂತ ಕುಣಿತ 0.5 ಹರ್ಟ್ಸ್. ಲೆಕ್ಕದ ಪ್ರಕಾರ 5 ಹರ್ಟ್ಸ್ ನಡುಕದಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಮೇಲೆ ಬರ್ಬೇಕು. ಮಿರರ್ ಇದ್ರ ಮೇಲೆ ಕೂರಿಸಿದ ದಿನ, ಅಲ್ಲಿವರೆಗೂ ಚೆಲ್ಲಿದ ಸಾಸಿವೆ ಥರ ಇದ್ದ ಡೇಟಾದಲ್ಲಿ ಸೈನ್ ವೇವ್ ಕಣ್ಣಿಗೆ ಕಾಣ್ತು, ಖುಷಿಗೆ ಎಲ್ರಿಗೂ ನಾನೇ ಕಾಫಿ ಕೊಡ್ಸಿದೆ.

ಈಗ ಬೈಗುಳ. ಮೇಲಿನ ತೂಕ ಅದ್ರ ರೇಂಜಲ್ಲಿ ಇರ್ಲೇಬೇಕು, ಮಿರರ್ ಒಂದೇ ಹಗುರ ಆಯ್ತು ಅಂತ ಸೀಸದ ಇಟ್ಟಿಗೆ ಜೋಡ್ಸಿದ್ವಿ. ರೂಮ್ ಎಸಿ ಸ್ವಲ್ಪ ಏರುಪೇರಾದ್ರೂ ತೇಲೋ ಮಟ್ಟ ಸರಿದುಬಿಡುತ್ತೆ, ಮತ್ತೆ ಕ್ರ್ಯಾಂಕ್ ತಿರುಗಿಸು. ಮೆತ್ತಗಿರೋದ್ರಿಂದ ವಾಲೋದೂ ಸುಲಭ. ಕಿರಣ ನೇರದಿಂದ 45 ಮೈಕ್ರೋರೇಡಿಯನ್ ಓರೆ ಆದ್ರೆ ಒಂದು ಮೈಕ್ರೋಗ್ಯಾಲ್ (ಗುರುತ್ವದ ಸುಮಾರು ನೂರು ಕೋಟಿಯಲ್ಲಿ ಒಂದು ಪಾಲು) ತಪ್ಪು ಬರುತ್ತೆ, ಮ್ಯಾನ್ಯುಯಲ್‌ನಲ್ಲಿ ವಾಲೋದ್ರ ಬಗ್ಗೆ ಒಂದೇ ಸಾಲು. ಎರಡು ವಾರ 10 ಹರ್ಟ್ಸ್ ಹತ್ರ ಗಲಾಟೆ ಯಾಕೆ ಹೋಗ್ತಿಲ್ಲ ಅಂತ ಒದ್ದಾಡಿ ನೋಡಿದ್ರೆ ಮಿರರ್ ಪಕ್ಕ ಇಟ್ಟಿದ್ದ, ನಡುಕ ಅಳೆಯೋ ಸೀಸ್ಮೋಮೀಟರ್‌ನ ದಪ್ಪ ಕೇಬಲ್ಲೇ ನೆಲದ ನಡುಕನ ನೇರ ಮೇಲೆ ಹತ್ತಿಸ್ತಿತ್ತು, ಇದು ನಮ್ದೇ ತಪ್ಪು ಬಿಡಿ. ತೆಳು ವೈರ್ ಸಡಿಲವಾಗಿ ಇಳಿಬಿಟ್ಟ ಮೇಲೆ ಸರಿಹೋಯ್ತು.

0.5 ಹರ್ಟ್ಸ್‌ಗಿಂತ ಕೆಳಗೆ ಮಾತ್ರ ಇದ್ರಿಂದ ಏನೂ ಆಗಲ್ಲ, ಕಡಲಿನ ನಡುಕ ಹಾಗೇ ಬರುತ್ತೆ. ಸ್ಟ್ಯಾನ್‌ಫೋರ್ಡಲ್ಲಿ ಭೌತವಿಜ್ಞಾನಿ ಸ್ಟೀವನ್ ಚೂ ಅವ್ರ ಗುಂಪು 1999ರಷ್ಟು ಹಿಂದೇನೇ ಸೆನ್ಸರ್, ಕಾಯಿಲ್ ಹಾಕಿ ಫೀಡ್‌ಬ್ಯಾಕ್ ಕೊಟ್ಟು ಸ್ವಂತ ಕುಣಿತಾನ 0.033 ಹರ್ಟ್ಸ್‌ಗೆ ಇಳ್ಸಿದ್ರು, ಅದನ್ನ ಕಟ್ಟೋ ತಾಳ್ಮೆ ನಮಗಿಲ್ಲ. ಮಿರರ್ ಪಕ್ಕದ ಸೀಸ್ಮೋಮೀಟರ್ ರೀಡಿಂಗ್ ತಗೊಂಡು ಪ್ರತಿ ಶಾಟ್‌ನ ಫೇಸನ್ನ (ಫ್ರಿಂಜಲ್ಲಿ ಅದ್ರ ಜಾಗ) ಆಮೇಲೆ ಸಾಫ್ಟ್‌ವೇರಲ್ಲಿ ತಿದ್ಕೋತೀವಿ.

ಐದಕ್ಕೆ ನಾಲ್ಕು ಸ್ಟಾರ್. ತಗೊಳ್ಳೋದಾದ್ರೆ ಸೀಸ್ಮೋಮೀಟರ್ ದುಡ್ಡೂ ಸೇರ್ಸಿ ಕೊಟೇಶನ್ ಕೇಳಿ.